ಹೆಚ್ಚಿಗೆ ಹುಟ್ಟಿದವರು ಅಂತ ಯಾರಾದರೂ ಇರುತ್ತಾರಾ?

ಪ್ರಶ್ನೆ: ನಾನು ನಿವೃತ್ತ ಶಾಲಾ ಶಿಕ್ಷಕಿ, ದಾವಣಗೆರೆ ಕಡೆಯವಳು. ನಮ್ಮಮ್ಮನಿಗೆ ಐದೂ ಹೆಣ್ಣುಮಕ್ಕಳು, ನಾನೇ ಕೊನೆಯವಳು. ಗಂಡಾಗಲಿ ಅಂತ ಕಾದಾಗ ಹುಟ್ಟಿದವಳು. ನಾನು ಓದಿದ ಶಾಲೆಯ ಗೋಡೆ ಮೇಲೆ ಕೆಂಪು ತ್ರಿಕೋನ ಬರೆದು 'ನಾವಿಬ್ಬರು, ನಮಗಿಬ್ಬರು' ಅಂತ ಹಾಕಿದ್ದರು. ಅದನ್ನು ನೋಡಿದಾಗಲೆಲ್ಲ ನಾನು ಲೆಕ್ಕಕ್ಕಿಂತ ಜಾಸ್ತಿ ಹುಟ್ಟಿದವಳು ಅನ್ನಿಸುತ್ತಿತ್ತು. ಈಗ ನನ್ನ ಮಗಳು ಒಂದೇ ಮಗು ಸಾಕು ಅನ್ನುತ್ತಾಳೆ. ಪಕ್ಕದ ರಾಜ್ಯಗಳ ಮುಖ್ಯಮಂತ್ರಿಗಳು ನೋಡಿದರೆ ಹೆಚ್ಚು ಮಕ್ಕಳನ್ನು ಮಾಡಿಕೊಳ್ಳಿ ಅನ್ನುತ್ತಿದ್ದಾರೆ. ಒಟ್ಟಿನಲ್ಲಿ ಜನ ಜಾಸ್ತಿ ಇದ್ದರೆ ಒಳ್ಳೆಯದಾ, ಕಡಿಮೆ ಇದ್ದರೆ ಒಳ್ಳೆಯದಾ? ತತ್ವಶಾಸ್ತ್ರ ಏನು ಹೇಳುತ್ತದೆ?

ಉತ್ತರ: ನಮಸ್ಕಾರ ಮೇಡಂ. ಮೊದಲು ನಿಮ್ಮ ವಿಷಯ ಮುಗಿಸಿಬಿಡೋಣ. ನೀವು ಹೆಚ್ಚುವರಿ ಅಲ್ಲ. ಸಮಾಧಾನಕ್ಕೆ ಹೇಳುತ್ತಿಲ್ಲ. ಆ ಗೋಡೆ ಬರಹ ಮಾತಾಡಿದ್ದು ಇನ್ನೂ ಹುಟ್ಟದ ಮಕ್ಕಳ ಬಗ್ಗೆ. ನೀವು ಅದನ್ನು ಓದುವ ಹೊತ್ತಿಗೆ ಹುಟ್ಟಿ, ಬೆಳೆದು, ಅಕ್ಷರ ಕಲಿತಾಗಿತ್ತು. ಇಲ್ಲದವರ ಬಗ್ಗೆ ಆಡಿದ ಮಾತನ್ನು ಇರುವವರಿಗೆ ಅಂಟಿಸುವುದು, ಇರುವವರ ಬಗ್ಗೆ ನಿಜವಾದದ್ದನ್ನು ಇಲ್ಲದವರಿಗೆ ಅಂಟಿಸುವುದು: ಈ ವಿಷಯದ ಮುಕ್ಕಾಲು ಗೊಂದಲ ಹುಟ್ಟುವುದು ಇಲ್ಲೇ.

ನಿಮ್ಮ ದೊಡ್ಡ ಪ್ರಶ್ನೆಗೆ ಮಾತ್ರ ಎಲ್ಲರೂ ಒಪ್ಪಿದ ಉತ್ತರ ಇಲ್ಲ. ಯಾಕೆ ಇಲ್ಲ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಸ್ವಾರಸ್ಯ ಇರುವುದೇ ಅಲ್ಲಿ.

ನಮ್ಮಲ್ಲಿ ಹೆಚ್ಚಿನವರ ತಲೆಯಲ್ಲಿ ಇರುವುದು ಸರಾಸರಿ ಲೆಕ್ಕ. ಇರುವುದು ನಾಲ್ಕು ಎಕರೆ, ಆರು ಜನ ಆದರೆ ತಲೆಗೆ ಇಷ್ಟು, ಏಳು ಜನ ಆದರೆ ಅದಕ್ಕಿಂತ ಕಡಿಮೆ. ಕುಟುಂಬ ಯೋಜನೆಯ ಪ್ರಚಾರವೆಲ್ಲ ನಿಂತಿದ್ದು ಇದರ ಮೇಲೆ. ನೀವು ಪಾಠ ಮಾಡಿದವರು, ಇದರ ದೋಷ ನಿಮಗೆ ಬೇಗ ಹೊಳೆಯುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶ ಬರಲಿ ಅಂತ ಕೆಲವು ಶಾಲೆಗಳು ಏನು ಮಾಡುತ್ತವೆ? ಓದಿನಲ್ಲಿ ಹಿಂದಿರುವ ಹುಡುಗರಿಗೆ ಒಂಬತ್ತರಲ್ಲೇ ಟಿ.ಸಿ. ಕೊಟ್ಟು ಕಳಿಸುತ್ತವೆ. ಫಲಿತಾಂಶ ಏರುತ್ತದೆ. ಒಬ್ಬನೇ ಒಬ್ಬ ಹುಡುಗ ಒಂದೇ ಒಂದು ಮಾರ್ಕ್ಸ್ ಜಾಸ್ತಿ ತೆಗೆದಿರುವುದಿಲ್ಲ.

ಇನ್ನೂ ವಿಚಿತ್ರ ಇದೆ. ಎಲ್ಲರೂ ನರಳುತ್ತಿರುವ ಒಂದು ಜಗತ್ತನ್ನು ನೆನೆಯಿರಿ. ಅಲ್ಲಿಗೆ ಉಳಿದವರಿಗಿಂತ ತುಸು ಕಡಿಮೆ ನರಳುವ ಮಗುವನ್ನು ತಂದರೆ ಸರಾಸರಿ ಸುಧಾರಿಸುತ್ತದೆ. ಹಾಗಾಗಿ ತರುವುದೇ ಒಳ್ಳೆಯದು ಅನ್ನಬೇಕಾಗುತ್ತದೆ! ಸರಾಸರಿ ತೆಗೆಯುವಾಗ ಸತ್ತವರನ್ನೂ ಸೇರಿಸಬೇಕಾ ಅನ್ನುವುದು ಇನ್ನೊಂದು ತಕರಾರು. ಸೇರಿಸಿದರೆ, ಹೊಯ್ಸಳರ ಕಾಲದ ಜನ ಎಷ್ಟು ಸುಖವಾಗಿದ್ದರು ಅಂತ ಶಾಸನ ಓದಿ ತಿಳಿದುಕೊಂಡು ನಿಮ್ಮ ಮಗಳು ಎರಡನೇ ಮಗುವಿನ ಬಗ್ಗೆ ಯೋಚಿಸಬೇಕು. ಇದು ತಮಾಷೆ ಅನ್ನಿಸಬಹುದು. ಆದರೆ ಸರಾಸರಿಯೇ ಎಲ್ಲ ಅನ್ನುವವರಿಗೆ ಇದರಿಂದ ಸುಲಭವಾಗಿ ಪಾರಾಗಲು ಆಗಿಲ್ಲ.

ಸರಿ, ಸರಾಸರಿ ಬೇಡ, ಒಟ್ಟು ಮೊತ್ತ ನೋಡೋಣ. ಜಗತ್ತಿನಲ್ಲಿ ಒಟ್ಟು ಸುಖ ಎಷ್ಟಿದೆ, ಅಷ್ಟೇ ಮುಖ್ಯ. ಈ ಎರಡು ಲೆಕ್ಕ ಬೇರೆ ಬೇರೆ ಕಡೆ ಕರೆದೊಯ್ಯುತ್ತವೆ ಅಂತ 1874ರಲ್ಲೇ ಇಂಗ್ಲೆಂಡಿನ ತತ್ವಜ್ಞಾನಿ ಹೆನ್ರಿ ಸಿಜ್‌ವಿಕ್ ಬರೆದಿದ್ದರು. ಅದರ ಪೂರ್ತಿ ಪರಿಣಾಮ ಬಿಡಿಸಿ ತೋರಿಸಿದವರು ಆಕ್ಸ್‌ಫರ್ಡಿನ ಡೆರೆಕ್ ಪಾರ್ಫಿಟ್, 1984ರಲ್ಲಿ. ಒಂದು ಕೋಟಿ ಜನ, ಪ್ರತಿಯೊಬ್ಬರ ಬದುಕಿಗೂ ನೂರಕ್ಕೆ ತೊಂಬತ್ತು ಅಂಕ ಅಂದುಕೊಳ್ಳಿ. ಮೊತ್ತ 90 ಕೋಟಿ. ಇನ್ನೊಂದು ಜಗತ್ತಿನಲ್ಲಿ ನೂರು ಕೋಟಿ ಜನ, ಒಬ್ಬೊಬ್ಬರಿಗೆ ಒಂದೇ ಅಂಕ. ಬದುಕು ಬೇಡವಾಗಿಲ್ಲ, ಅಷ್ಟೇ. ಮೊತ್ತ 100 ಕೋಟಿ. ಹಾಗಾದರೆ ಎರಡನೆಯದೇ ಮೇಲು. ಪಾರ್ಫಿಟ್ ಇದನ್ನು 'ಅಸಹ್ಯ ತೀರ್ಮಾನ' ಅಂತಲೇ ಕರೆದರು. ಇದನ್ನು ತಪ್ಪಿಸುವ, ಉಳಿದ ಎಲ್ಲ ಕಡೆಯೂ ಸರಿಹೋಗುವ ಸಿದ್ಧಾಂತಕ್ಕೆ ಹುಟ್ಟುವ ಮೊದಲೇ 'ಎಕ್ಸ್ ಸಿದ್ಧಾಂತ' ಅಂತ ಹೆಸರಿಟ್ಟು ಹುಡುಕಿದರು. ಸಿಗಲಿಲ್ಲ ಅಂತ ಅದೇ ಪುಸ್ತಕದಲ್ಲಿ ಬರೆದೂ ಬಿಟ್ಟರು. 2017ರಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲೂ ಇದರ ಬಗ್ಗೆ ಬರೆಯುತ್ತಲೇ ಇದ್ದರು.

ಇಲ್ಲಿ ಒಂದು ಮಾತು. ಆ 'ಒಂದು ಅಂಕದ ಬದುಕು' ಹೇಗಿರುತ್ತದೆ ಅಂತ ವಿವರಿಸುವಾಗ ಪಾರ್ಫಿಟ್ ಒಂದು ಕಡೆ ಆಲೂಗಡ್ಡೆ ತಿಂದುಕೊಂಡು, ಲಿಫ್ಟಿನಲ್ಲಿ ಬರುವಂಥ ಸಪ್ಪೆ ಸಂಗೀತ ಕೇಳಿಕೊಂಡು ಇರುವ ಬದುಕು ಅಂತ ಚಿತ್ರಿಸುತ್ತಾರೆ. ಇದನ್ನು ಪಾಠ ಮಾಡುವಾಗಲೆಲ್ಲ ನನಗೆ ಸ್ವಲ್ಪ ಇರುಸುಮುರುಸು. ದಿನಾ ಮುದ್ದೆ ಉಂಡು, ರೇಡಿಯೋ ಕೇಳಿಕೊಂಡು ಎಂಬತ್ತು ವರ್ಷ ಬಾಳಿದ ಎಷ್ಟೋ ಅಜ್ಜಿಯರು ತಮ್ಮ ಬದುಕಿಗೆ ಬರೀ ಒಂದು ಅಂಕ ಕೊಡುತ್ತಿರಲಿಲ್ಲ, ಇನ್ನೂ ಜಾಸ್ತಿಯೇ ಕೊಡುತ್ತಿದ್ದರು. ಹೊರಗಿನವರು ಬೇರೆಯವರ ಬದುಕಿಗೆ ಅಂಕ ಹಾಕುವಾಗ ಜಿಪುಣರಾಗುತ್ತಾರೆ. 1968ರಲ್ಲಿ ಅಮೆರಿಕದ ಪಾಲ್ ಎರ್ಲಿಕ್ ಜನಸಂಖ್ಯೆಯ ಬಗ್ಗೆ ಬರೆದು ಜಗತ್ತನ್ನೇ ಹೆದರಿಸಿದ ಪುಸ್ತಕ ಶುರುವಾಗುವುದು ದೆಹಲಿಯ ಬೀದಿಯಲ್ಲಿ ಅವರು ಮಾಡಿದ ಟ್ಯಾಕ್ಸಿ ಪ್ರಯಾಣದಿಂದ. ಕಿಟಕಿಯಿಂದ ಅವರಿಗೆ ಕಂಡದ್ದು ಉಣ್ಣುವ, ತೊಳೆಯುವ, ಮಲಗಿರುವ ಗುಂಪು. ಎಪ್ಪತ್ತರ ದಶಕದಲ್ಲಿ ಹತ್ತಾರು ಕೋಟಿ ಜನ ಹಸಿದು ಸಾಯುತ್ತಾರೆ ಅಂತ ಬರೆದರು. ಹಾಗೆ ಆಗಲಿಲ್ಲ. ಆದರೆ ಆ ಹೆದರಿಕೆ ನಮ್ಮ ಹಳ್ಳಿಗಳವರೆಗೂ ಬಂತು, ಅದಕ್ಕೆ ಆಮೇಲೆ ಬರುತ್ತೇನೆ.

ಮೂರನೆಯ ದಾರಿ ಕೆನಡಾದ ಯಾನ್ ನಾರ್ವೆಸನ್ ಅವರದು. ಜನರನ್ನು ಸುಖವಾಗಿಡುವುದು ನಮ್ಮ ಕೆಲಸ, ಸುಖವಾಗಿರುವ ಜನರನ್ನು ಹುಟ್ಟಿಸುವುದು ನಮ್ಮ ಕೆಲಸ ಅಲ್ಲ. ಹುಟ್ಟಿಸಿದರೆ ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ನಿಮ್ಮ ಮಗಳ ಮನಸ್ಸಿನಲ್ಲಿ ಇರುವುದು ಬಹುಶಃ ಇದೇ. ನನಗೂ ಇದೇ ಹತ್ತಿರ. ಹುಟ್ಟದೇ ಉಳಿದ ಮಗು ಎಲ್ಲೋ ಒಂದು ಕಡೆ ಕೂತು 'ನನ್ನನ್ನು ಯಾಕೆ ಕರೆಯಲಿಲ್ಲ' ಅಂತ ಅಳುತ್ತಿರುವುದಿಲ್ಲ ಅಲ್ವಾ?

ಆದರೆ ಇದಕ್ಕೂ ತೂತು ಇದೆ, ಅದನ್ನು ಮುಚ್ಚಿಟ್ಟರೆ ಮೋಸ. ನಿಮ್ಮ ಮಗಳ ಮುಂದೆ ಮೂರು ದಾರಿ ಇದೆ ಅಂದುಕೊಳ್ಳಿ. ಎರಡನೇ ಮಗು ಬೇಡ. ಅಥವಾ ಈಗಲೇ, ಮೈಯೂ ಕೈಯೂ ಸೋತಿರುವಾಗ ಒಂದು ಮಗು, ಅದರ ಬದುಕು ಸುಮಾರು. ಅಥವಾ ಮೂರು ವರ್ಷ ಬಿಟ್ಟು ಒಂದು ಮಗು, ಅದರ ಬದುಕು ಚೆನ್ನ. ನಾರ್ವೆಸನ್ ಲೆಕ್ಕದಲ್ಲಿ ಎರಡನೆಯದು ಮೊದಲನೆಯದಕ್ಕೆ ಸಮ. ಮೂರನೆಯದೂ ಮೊದಲನೆಯದಕ್ಕೆ ಸಮ. ಹಾಗಾದರೆ ಎರಡನೆಯದೂ ಮೂರನೆಯದೂ ಒಂದಕ್ಕೊಂದು ಸಮ ಆಗಬೇಕು. ಆದರೆ ಮೂರನೆಯದೇ ಮೇಲು ಅಂತ ಯಾರು ಬೇಕಾದರೂ ಹೇಳುತ್ತಾರೆ. ಜಾನ್ ಬ್ರೂಮ್ ಅನ್ನುವ ತತ್ವಜ್ಞಾನಿ ಈ ಎಳೆ ಹಿಡಿದು ಎಳೆದು, ನಾರ್ವೆಸನ್ ಬಟ್ಟೆಯನ್ನು ಸಾಕಷ್ಟು ಬಿಚ್ಚಿಬಿಟ್ಟರು. ಇನ್ನೊಂದು ತೊಡಕು: ಹುಟ್ಟಿದಂದಿನಿಂದ ಬರೀ ನೋವನ್ನೇ ಉಣ್ಣುವ ಮಗುವನ್ನು ಗೊತ್ತಿದ್ದೂ ಹುಟ್ಟಿಸುವುದು ತಪ್ಪು ಅನ್ನುತ್ತೇವೆ. ನೋವು ಲೆಕ್ಕಕ್ಕೆ ಬಂದರೆ ಸುಖ ಯಾಕೆ ಬರಬಾರದು? 2019ರಲ್ಲಿ ಮುಂಬೈಯ ಒಬ್ಬ ಯುವಕ 'ನನ್ನನ್ನು ಕೇಳದೆ ಹುಟ್ಟಿಸಿದರು' ಅಂತ ಅಪ್ಪ ಅಮ್ಮನ ಮೇಲೆ ಕೇಸು ಹಾಕುತ್ತೇನೆ ಅಂದಾಗ ಎಲ್ಲರೂ ನಕ್ಕರು. ಡೇವಿಡ್ ಬೆನಟಾರ್ ಅನ್ನುವ ದಕ್ಷಿಣ ಆಫ್ರಿಕಾದ ಪ್ರಾಧ್ಯಾಪಕರು ಇದೇ ಎಳೆ ಹಿಡಿದು, ಹುಟ್ಟದಿರುವುದೇ ಎಲ್ಲರಿಗೂ ಲೇಸು ಅಂತ 2006ರಲ್ಲಿ ಇಡೀ ಪುಸ್ತಕ ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ಆದರೆ ನಕ್ಕು ತಳ್ಳಿಹಾಕುವ ವಾದವೂ ಅಲ್ಲ.

ಸ್ವೀಡನ್ನಿನ ಗುಸ್ತಾಫ್ ಅರೇನಿಯಸ್ ಇನ್ನೂ ಮುಂದೆ ಹೋದರು. ನಮಗೆಲ್ಲ ಸರಿ ಅನ್ನಿಸುವ ಕೆಲವು ಸಣ್ಣ ಸಣ್ಣ ಷರತ್ತುಗಳನ್ನು ಬರೆದುಕೊಂಡು, ಅವೆಲ್ಲವನ್ನೂ ಒಟ್ಟಿಗೆ ಪಾಲಿಸುವ ಸಿದ್ಧಾಂತ ಇರಲು ಸಾಧ್ಯವೇ ಇಲ್ಲ ಅಂತ ಗಣಿತದ ಹಾಗೆ ಸಾಧಿಸಿ ತೋರಿಸಿದರು. ಯಾವುದನ್ನು ಹಿಡಿದರೂ ಇನ್ನೊಂದನ್ನು ಬಿಡಬೇಕು. 2021ರಲ್ಲಿ ಇಪ್ಪತ್ತೊಂಬತ್ತು ವಿದ್ವಾಂಸರು ಒಟ್ಟಿಗೆ ಸಹಿ ಹಾಕಿ, ಆ 'ಅಸಹ್ಯ ತೀರ್ಮಾನ'ವನ್ನು ತಪ್ಪಿಸುವುದೇ ಒಳ್ಳೆಯ ಸಿದ್ಧಾಂತದ ಪರೀಕ್ಷೆ ಆಗಬೇಕಿಲ್ಲ, ಮುಂದೆ ಹೋಗೋಣ ಅಂತ ಬರೆದರು. ಹಾಗಾಗಿ ಯಾರಾದರೂ 'ಇಷ್ಟು ಜನ ಇದ್ದರೆ ಸರಿ' ಅಂತ ಒಂದು ಸಂಖ್ಯೆ ಹೇಳಿದರೆ, ಅವರು ಏನನ್ನು ಬಿಟ್ಟುಕೊಟ್ಟು ಆ ಸಂಖ್ಯೆಗೆ ಬಂದರು ಅಂತ ಕೇಳಿ.

ಈಗ ಮತ್ತೆ ನಿಮ್ಮ ಕಥೆಗೆ. ನಿಮ್ಮಮ್ಮ ನಾಲ್ಕಕ್ಕೇ ಆಪರೇಷನ್ ಮಾಡಿಸಿಕೊಂಡಿದ್ದರೆ ನೀವು ಇರುತ್ತಿರಲಿಲ್ಲ. ಒಂದು ವರ್ಷ ತಡ ಮಾಡಿದ್ದರೂ ನೀವು ಇರುತ್ತಿರಲಿಲ್ಲ, ನಿಮ್ಮ ಬದಲು ಬೇರೆ ಯಾರೋ ಹುಟ್ಟುತ್ತಿದ್ದರು. ಪಾರ್ಫಿಟ್ ಇದನ್ನು ಹದಿನಾಲ್ಕು ವರ್ಷದ ಹುಡುಗಿಯ ಉದಾಹರಣೆಯಲ್ಲಿ ಹೇಳುತ್ತಾರೆ. ಅವಳು ಈಗಲೇ ಹೆತ್ತರೆ ಮಗುವಿನ ಬಾಳು ಕಷ್ಟ. ಕೆಲವು ವರ್ಷ ಕಾದರೆ ಚೆನ್ನಾಗಿ ಸಾಕಬಹುದು. ಕಾಯಬೇಕಿತ್ತು ಅನ್ನುತ್ತೇವೆ. ಆದರೆ ಕಾದಿದ್ದರೆ ಹುಟ್ಟುತ್ತಿದ್ದದ್ದು ಬೇರೆ ಮಗು. ಈ ಮಗುವಿಗೆ ಅನ್ಯಾಯ ಆಯಿತು ಅನ್ನಲು, ಇದಕ್ಕೆ ಇದಕ್ಕಿಂತ ಒಳ್ಳೆಯ ಇನ್ನೊಂದು ಬದುಕು ಇರಲೇ ಇಲ್ಲವಲ್ಲ! ಇದು ನಮಗೆ ದೂರದ ಉದಾಹರಣೆ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಐವರಲ್ಲಿ ಒಬ್ಬಳಿಗೆ ಹದಿನೆಂಟು ತುಂಬುವ ಮೊದಲೇ ಮದುವೆ ಆಗಿತ್ತು.

ಬಾಲ್ಯವಿವಾಹದಿಂದ ಹುಟ್ಟಿದ ವ್ಯಕ್ತಿ ಆ ಮದುವೆಯನ್ನು ಬೈಯಬಹುದಾ? ಬೈಯಬಹುದು. ನಿಮ್ಮ ವಿಷಯದಲ್ಲೂ ಅಷ್ಟೇ. ನಿಮ್ಮನ್ನು ಈ ಲೋಕಕ್ಕೆ ತಂದದ್ದು ಗಂಡು ಬೇಕು ಅನ್ನುವ ಹಂಬಲ. ಅದು ಕೆಟ್ಟ ಹಂಬಲ. ನಿಮ್ಮಮ್ಮನ ಮೈಯನ್ನು ಐದು ಸಲ ಬಸಿದ ಹಂಬಲ. ಅದನ್ನು ಕೆಟ್ಟದ್ದು ಅಂದ ಮಾತ್ರಕ್ಕೆ ನೀವು ಹುಟ್ಟಿದ್ದು ಕೆಟ್ಟದ್ದು ಅಂತ ಆಗುವುದಿಲ್ಲ. ನೀವು ಇರುವುದು ಒಳ್ಳೆಯದು ಅಂದ ಮಾತ್ರಕ್ಕೆ ಆ ಹಂಬಲ ಒಳ್ಳೆಯದು ಅಂತಲೂ ಆಗುವುದಿಲ್ಲ. 2017-18ರ ಕೇಂದ್ರ ಆರ್ಥಿಕ ಸಮೀಕ್ಷೆ ಇಂಥವರ ಸಂಖ್ಯೆಯನ್ನು ಅಂದಾಜು ಮಾಡಿತ್ತು: ಇಪ್ಪತ್ತೈದರೊಳಗಿನವರಲ್ಲೇ 2.1 ಕೋಟಿ 'ಬೇಡವಾದ' ಹೆಣ್ಣುಮಕ್ಕಳು. ಗಂಡು ಹುಟ್ಟುವವರೆಗೂ ಹೆರುತ್ತಾ ಹೋದ ಮನೆಗಳಲ್ಲಿ ಹುಟ್ಟಿದವರು. ಸ್ಕ್ಯಾನಿಂಗ್ ಬಂದ ಮೇಲೆ ಅದೇ ಹಂಬಲ ತಿರುಗಿಕೊಂಡಿತು. ಮನೆ ಚಿಕ್ಕದಿರಲಿ, ಗಂಡೂ ಇರಲಿ ಅನ್ನುವವರು ಹೆಣ್ಣು ಅಂತ ಗೊತ್ತಾದರೆ ತೆಗೆಸಿದರು. ಅದನ್ನು ತಡೆಯಲೆಂದೇ 1994ರಲ್ಲಿ ಕಾನೂನು ಮಾಡಬೇಕಾಯಿತು. ಏಷ್ಯಾ ಮತ್ತು ಉತ್ತರ ಆಫ್ರಿಕಾದಲ್ಲಿ ಹೀಗೆ 'ಕಾಣೆಯಾದ' ಹೆಂಗಸರು ಹತ್ತು ಕೋಟಿಗೂ ಹೆಚ್ಚು ಅಂತ ಅಮರ್ತ್ಯ ಸೇನ್ 1990ರಲ್ಲಿ ಬರೆದಿದ್ದರು. ಅದರಲ್ಲಿ ಹುಟ್ಟದವರಿಗಿಂತ ಹುಟ್ಟಿದ ಮೇಲೆ ಸರಿಯಾದ ಆರೈಕೆ ಇಲ್ಲದೆ ಸತ್ತವರ ಪಾಲೇ ದೊಡ್ಡದಿತ್ತು.

ಸರ್ಕಾರಗಳ ವಿಷಯಕ್ಕೆ ಬರೋಣ. 1930ರಲ್ಲಿ ಮೈಸೂರು ಸಂಸ್ಥಾನ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಿತು. ಸರ್ಕಾರವೇ ಇಂಥದ್ದನ್ನು ತೆರೆದದ್ದು ಜಗತ್ತಿನಲ್ಲೇ ಮೊದಲು ಅನ್ನುತ್ತಾರೆ. ಬೇಕಾದವರು ಬಂದು ಕೇಳುವ ಜಾಗ ಅದು. ನಲವತ್ತಾರು ವರ್ಷ ಆದ ಮೇಲೆ, ತುರ್ತು ಪರಿಸ್ಥಿತಿಯಲ್ಲಿ, ದೇಶ ಎಲ್ಲಿಗೆ ಬಂದು ನಿಂತಿತು ನೋಡಿ. 1976-77ರ ಒಂದೇ ವರ್ಷ ಎಂಬತ್ತು ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ. ಶಿಕ್ಷಕರಿಗೆ ಟಾರ್ಗೆಟ್, ಪೊಲೀಸರಿಗೆ ಟಾರ್ಗೆಟ್. ಆ ಕಾಲದಲ್ಲಿ ನೌಕರಿಯಲ್ಲಿದ್ದ ಮೇಷ್ಟ್ರುಗಳನ್ನು ನೀವೂ ಕಂಡಿರುತ್ತೀರಿ. ಆಗ ಕತ್ತರಿ ಬಿದ್ದದ್ದು ಹೆಚ್ಚಾಗಿ ಗಂಡಸರ ಮೇಲೆ. 1977ರ ಚುನಾವಣೆಯಲ್ಲಿ ಸರ್ಕಾರವೇ ಬಿತ್ತು. ಆಮೇಲೆ ಯಾವ ಸರ್ಕಾರವೂ ಗಂಡಸರ ತಂಟೆಗೆ ಹೋಗಲಿಲ್ಲ. ಭಾರ ಪೂರ್ತಿ ಹೆಂಗಸರ ಮೇಲೆ ಬಂತು. ಇವತ್ತಿಗೂ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಪಾಲು ಹುಡುಕಿದರೂ ಸಿಗುವುದಿಲ್ಲ. 2014ರಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರ ಹತ್ತಿರ ಒಂದು ಶಿಬಿರದಲ್ಲಿ ಒಬ್ಬರೇ ವೈದ್ಯರು ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು.

ಇದು ಕಡಿಮೆ ಮಾಡುವ ಹುಚ್ಚು. ಜಾಸ್ತಿ ಮಾಡುವ ಹುಚ್ಚು ನೋಡಬೇಕಾದರೆ ರೊಮೇನಿಯಾಕ್ಕೆ ಹೋಗಬೇಕು. 1966ರಲ್ಲಿ ಅಲ್ಲಿನ ಸರ್ವಾಧಿಕಾರಿ ಚೌಷೆಸ್ಕು ಗರ್ಭಪಾತ ನಿಷೇಧಿಸಿದ. ಅಲ್ಲಿಯವರೆಗೆ ಒಬ್ಬ ಹೆಂಗಸಿಗೆ ಸರಾಸರಿ ಎರಡಕ್ಕಿಂತ ಕಡಿಮೆ ಮಕ್ಕಳಿದ್ದದ್ದು ಮರುವರ್ಷವೇ ಸುಮಾರು 3.7ಕ್ಕೆ ಜಿಗಿಯಿತು. ಚೌಷೆಸ್ಕು ಗೆದ್ದ ಅಂದುಕೊಂಡರು. ಜನ ಕಳ್ಳದಾರಿ ಕಂಡುಕೊಂಡರು, ಕೆಲವೇ ವರ್ಷಗಳಲ್ಲಿ ಸಂಖ್ಯೆ ಮತ್ತೆ ಇಳಿಯಿತು. ಕದ್ದು ಗರ್ಭಪಾತ ಮಾಡಿಸಿಕೊಳ್ಳಲು ಹೋಗಿ ಸತ್ತ ತಾಯಂದಿರು, ಸಾಕಲಾರದೆ ಬಿಟ್ಟುಹೋದ ಮಕ್ಕಳಿಂದ ತುಂಬಿದ ಅನಾಥಾಲಯಗಳು, ಇಷ್ಟೇ ಉಳಿದದ್ದು. 1989ರಲ್ಲಿ ಆ ಸರ್ಕಾರ ಉರುಳಿದಾಗ ಆ ಮಕ್ಕಳ ಚಿತ್ರಗಳನ್ನು ಜಗತ್ತೆಲ್ಲ ನೋಡಿತು.

ಒತ್ತಾಯ ಮಾಡದೇ ಇದ್ದರೆ ಕೆಲಸ ಆಗುವುದಿಲ್ಲ ಅನ್ನುವವರಿಗೆ ಸೇನ್ ಇನ್ನೊಂದು ಹೋಲಿಕೆ ಕೊಡುತ್ತಾರೆ. 1979ರಲ್ಲಿ ಚೀನಾದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 2.8 ಮಕ್ಕಳು, ಕೇರಳದಲ್ಲಿ 3. ಚೀನಾ ಒಂದೇ ಮಗು ಅಂತ ಕಡ್ಡಾಯ ಮಾಡಿತು. ಕೇರಳ ಹೆಣ್ಣುಮಕ್ಕಳನ್ನು ಓದಿಸಿತು, ಊರೂರಿಗೆ ಆಸ್ಪತ್ರೆ ಇಟ್ಟಿತು. 1991ಕ್ಕೆ ಚೀನಾ 2, ಕೇರಳ 1.8.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಎಷ್ಟು ಜನ ಇರಬೇಕು ಅನ್ನುವ ಪ್ರಶ್ನೆಗೆ ಸಿದ್ಧಾಂತದಲ್ಲಿ ಉತ್ತರ ಸಿಗದಿದ್ದರೂ, ಇರುವವರ ಜೊತೆ ಹೇಗೆ ನಡೆದುಕೊಳ್ಳಬೇಕು ಅನ್ನುವುದರಲ್ಲಿ ನಮಗೆ ಗೊಂದಲ ಇಲ್ಲ. ಇರುವವರಿಗೆ ಹಕ್ಕಿದೆ. ಮುಂದೆ ಖಂಡಿತ ಹುಟ್ಟಲಿರುವವರಿಗೂ ನಾವು ನೀರು, ಮಣ್ಣು, ಗಾಳಿ ಉಳಿಸಿಡಬೇಕು, ಅವರು ಯಾರೇ ಆಗಿರಲಿ. ಹುಟ್ಟಬಹುದಾಗಿದ್ದವರಿಗೆ ನಾವು ಸಾಲಗಾರರಲ್ಲ.

ಈಗ ಮುಖ್ಯಮಂತ್ರಿಗಳ ಮಾತು. ಅವರ ಆತಂಕ ಸುಳ್ಳಲ್ಲ. ಆಗಲೇ ಹೇಳಿದ 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು, ಬಿಹಾರದಲ್ಲಿ 3. ಜನಸಂಖ್ಯೆ ಇದ್ದ ಹಾಗೇ ಇರಬೇಕಾದರೆ 2.1 ಬೇಕು. ಲೋಕಸಭೆಯ ಸೀಟುಗಳನ್ನು 1971ರ ಜನಗಣತಿ ಮೇಲೆ ಹಂಚಿ, 1976ರಲ್ಲಿ ಅದನ್ನು ಅಲ್ಲಿಗೇ ನಿಲ್ಲಿಸಿದರು. 2001ರಲ್ಲಿ ಮತ್ತೆ ಇಪ್ಪತ್ತೈದು ವರ್ಷ ಮುಂದೂಡಿದರು. ಕುಟುಂಬ ಯೋಜನೆ ಚೆನ್ನಾಗಿ ಮಾಡಿದ ರಾಜ್ಯಕ್ಕೆ ಸೀಟು ಕಡಿಮೆ ಆಗಬಾರದು ಅನ್ನುವುದೇ ಅದರ ಉದ್ದೇಶ. 2024ರಲ್ಲಿ ಚಂದ್ರಬಾಬು ನಾಯ್ಡು, ಸ್ಟಾಲಿನ್ ಇಬ್ಬರೂ ಮಕ್ಕಳ ಮಾತೆತ್ತಿದ್ದು ಈ ಹಿನ್ನೆಲೆಯಲ್ಲಿ. ನಾಯ್ಡು ಅವರಿಗೆ ಊರುಗಳಲ್ಲಿ ಬರೀ ವಯಸ್ಸಾದವರೇ ಉಳಿಯುತ್ತಾರೆ ಅನ್ನುವ ಚಿಂತೆಯೂ ಇತ್ತು. ಹೇಳಿದ ಮಾತು ಕೇಳಿದ ರಾಜ್ಯಕ್ಕೆ ಸೀಟು ಕಡಿಮೆ ಆದರೆ ಅದು ಅನ್ಯಾಯವೇ. ಅದನ್ನು ಸಂಸತ್ತಿನಲ್ಲಿ, ಹಣಕಾಸು ಆಯೋಗದ ಮುಂದೆ ಜಗಳ ಮಾಡಿ ಸರಿಪಡಿಸಬೇಕು. ಕೇಂದ್ರದ ತೆರಿಗೆ ಹಣವನ್ನು ರಾಜ್ಯಗಳಿಗೆ ಹಂಚುವ ಲೆಕ್ಕದಲ್ಲಿ ಹದಿನೈದನೇ ಆಯೋಗ ಜನನ ಪ್ರಮಾಣ ಇಳಿಸಿದ ರಾಜ್ಯಗಳಿಗೆ ಅಂತಲೇ ಶೇ. 12.5 ತೂಕ ಇಟ್ಟಿತ್ತು ಕೂಡ. ಸೀಟಿಗಾಗಿ ಮಗು ಹೆರಿ ಅನ್ನುವುದು, ಹಿಂದೆ ಟಾರ್ಗೆಟ್ಟಿಗಾಗಿ ಆಪರೇಷನ್ ಮಾಡಿಸಿಕೊಳ್ಳಿ ಅಂದದ್ದರ ಇನ್ನೊಂದು ಮುಖ. ದಕ್ಷಿಣ ಕೊರಿಯಾ ವರ್ಷಗಟ್ಟಲೆ ಹಣ ಸುರಿದೂ 2023ರಲ್ಲಿ 0.72ಕ್ಕೆ ಇಳಿಯಿತು. ಮನೆ ಬಾಡಿಗೆ, ಟ್ಯೂಷನ್ ಖರ್ಚು, ರಾತ್ರಿ ಹತ್ತರವರೆಗೆ ಆಫೀಸು ಇವೆಲ್ಲ ಹಾಗೇ ಇದ್ದರೆ ಭಾಷಣಕ್ಕೆ ಮಕ್ಕಳು ಹುಟ್ಟುವುದಿಲ್ಲ.

ನಿಮ್ಮ ಮಗಳು ಪರಿಸರದ ಕಾರಣ ಕೊಟ್ಟರೆ ಅದನ್ನೂ ಪೂರ್ತಿ ಒಪ್ಪಬೇಡಿ. ಭಾರತದ ಒಬ್ಬ ವ್ಯಕ್ತಿ ವರ್ಷಕ್ಕೆ ಉಗುಳುವ ಇಂಗಾಲದ ಡೈಆಕ್ಸೈಡ್ ಸುಮಾರು ಎರಡು ಟನ್, ಅಮೆರಿಕದವರದ್ದು ಸುಮಾರು ಹದಿನಾಲ್ಕು. ತಲೆ ಎಷ್ಟು ಅನ್ನುವುದಕ್ಕಿಂತ ಹೇಗೆ ಬದುಕುತ್ತೇವೆ ಅನ್ನುವುದು ಇಲ್ಲಿ ದೊಡ್ಡದು. ಜನಸಂಖ್ಯೆ ಇಳಿಯುವುದೂ ನಿಧಾನ. ವಿಶ್ವಸಂಸ್ಥೆಯ 2024ರ ಅಂದಾಜಿನಲ್ಲಿ ಜಗತ್ತಿನ ಜನಸಂಖ್ಯೆ ತುತ್ತತುದಿ ಮುಟ್ಟುವುದೇ 2080ರ ದಶಕದಲ್ಲಿ, ಸುಮಾರು 1,030 ಕೋಟಿಯಲ್ಲಿ. ಹವಾಮಾನ ಅಷ್ಟು ಕಾಯುವುದಿಲ್ಲ.

ನನ್ನ ನಿಲುವಿಗೂ ಬೆಲೆ ತೆರಬೇಕು, ಅದನ್ನೂ ಹೇಳಿಬಿಡುತ್ತೇನೆ. ಹುಟ್ಟಬಹುದಾದವರಿಗೆ ನಾವು ಸಾಲಗಾರರಲ್ಲ ಅಂದರೆ, ಎಲ್ಲರೂ ಸಂತೋಷವಾಗಿ, ಯಾರ ಒತ್ತಾಯವೂ ಇಲ್ಲದೆ, ಮಕ್ಕಳು ಬೇಡ ಅಂತ ನಿರ್ಧರಿಸಿ ಮನುಷ್ಯಕುಲ ಮುಗಿದುಹೋದರೆ? ನನ್ನ ಲೆಕ್ಕದಲ್ಲಿ ಅದರಿಂದ ಯಾರಿಗೂ ಅನ್ಯಾಯ ಆಗಿಲ್ಲ ಅನ್ನಬೇಕು. ಆದರೂ ಏನೋ ದೊಡ್ಡದು ಕಳೆದುಹೋಯಿತು ಅಂತ ಅನ್ನಿಸುತ್ತದೆ. ಆ ಅನ್ನಿಸಿಕೆಯನ್ನು ನನ್ನ ಸಿದ್ಧಾಂತದೊಳಗೆ ಎಲ್ಲಿ ಕೂರಿಸಬೇಕು ಅಂತ ನನಗೆ ಇನ್ನೂ ಹೊಳೆದಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಡೀನ್ ಸ್ಪಿಯರ್ಸ್ ಮತ್ತು ಮೈಕೇಲ್ ಜೆರೂಸೊ 2025ರಲ್ಲಿ ಇದರ ಬಗ್ಗೆಯೇ ಬರೆದರು. ಜನ ಕಡಿಮೆ ಆದರೆ ಹೊಸ ಔಷಧಿ, ಹೊಸ ಯೋಚನೆ ಕಂಡುಹಿಡಿಯುವವರೂ ಕಡಿಮೆ ಆಗುತ್ತಾರೆ, ಅದರ ನಷ್ಟ ಉಳಿದವರಿಗೂ ತಟ್ಟುತ್ತದೆ ಅನ್ನುವುದು ಅವರ ವಾದ. ಗಟ್ಟಿ ವಾದ. ಆದರೆ ಅವರೂ ಯಾರನ್ನೂ ಒತ್ತಾಯಿಸಿ ಅನ್ನುವುದಿಲ್ಲ. ಮಕ್ಕಳನ್ನು ಸಾಕುವುದು ಸುಲಭವಾಗಬೇಕು ಅನ್ನುತ್ತಾರೆ.

ಹಾಗಾಗಿ ಮಗಳ ಹತ್ತಿರ ಜಗತ್ತಿನ ಲೆಕ್ಕ ಎತ್ತಬೇಡಿ. ಎರಡನೇ ಮಗು ಬೇಡ ಅನ್ನಲು ಅವಳು ಯಾರಿಗೂ ಕಾರಣ ಕೊಡಬೇಕಿಲ್ಲ. ಒಂಟಿ ಮಗು ಹಠಮಾರಿ ಆಗುತ್ತದೆ ಅಂತ ಬೀಗರು ಹೇಳಿದರೆ, ಅಧ್ಯಯನಗಳು ಅದನ್ನು ಒಪ್ಪಿಲ್ಲ ಅಂತ ಹೇಳಿ. ಒಂದು ಪಕ್ಷ ಅವಳಿಗೇ ಮನಸ್ಸಿದ್ದು, ಕೆಲಸ, ದುಡ್ಡು, ನೋಡಿಕೊಳ್ಳುವವರು ಇಲ್ಲ ಅಂತ ಬೇಡ ಅನ್ನುತ್ತಿದ್ದಾಳೆ ಅಂದರೆ ಅದು ಬೇರೆ ಮಾತು. ಅದನ್ನು ಒಮ್ಮೆ ಕೇಳಿ ನೋಡಿ. ಅಳಿಯ ರಾತ್ರಿ ಏಳುತ್ತಾರಾ, ನೀವು ಎರಡು ವರ್ಷ ಅವರ ಮನೆಯಲ್ಲಿ ಹೋಗಿ ಇರುತ್ತೀರಾ ಅನ್ನುವುದನ್ನೂ ಆಗಲೇ ಮಾತಾಡಿಕೊಳ್ಳಿ.